ಕೊರಕಲಿನ ಮೇಲೆ ತೇಲಿದ ಇಳಿಜಾರು: ಒಂದು ಸಬ್‌ಅಸೆಂಬ್ಲಿ ದುರಸ್ತಿಯ ಪ್ರಕರಣ ಅಧ್ಯಯನ

ರಸ್ತೆ ವಿನ್ಯಾಸದ ಸಾಫ್ಟ್‌ವೇರ್ ಆದ ಸಿವಿಲ್ ತ್ರೀಡಿಯಲ್ಲಿ ಕಾರಿಡಾರ್ (ರಸ್ತೆಯ ಮೂರು ಆಯಾಮದ ಮಾದರಿ) ಕೆಟ್ಟಾಗ ಮೊದಲು ಅನುಮಾನ ಬೀಳುವುದು ಅಲೈನ್‌ಮೆಂಟ್ (ರಸ್ತೆ ಸಾಗುವ ಗೆರೆ), ಪ್ರೊಫೈಲ್ (ಅದರ ಏರಿಳಿತ) ಅಥವಾ ಸರ್ಫೇಸ್ (ನೆಲದ ಮಾದರಿ) ಮೇಲೆ. ರಸ್ತೆಯ ಅಡ್ಡ ಆಕಾರವನ್ನು ಹೇಳುವ ಅಸೆಂಬ್ಲಿಯೊಳಗಿನ ಒಂದು ಚಿಕ್ಕ ಭಾಗವೇ, ಅಂದರೆ ಒಂದು ಸಬ್‌ಅಸೆಂಬ್ಲಿಯೇ, ತಪ್ಪು ಲೆಕ್ಕ ಹಾಕುತ್ತಿರಬಹುದು ಎಂಬುದು ಕೊನೆಗೆ ಹೊಳೆಯುತ್ತದೆ. ಕೆಳಗಿನ ಪ್ರಕರಣದಲ್ಲೂ ಹಾಗೇ ಆಯಿತು. ಗುರುತು ಸಿಗಬಾರದೆಂದು ಹೆಸರುಗಳನ್ನು ಕೈಬಿಟ್ಟು, ಚೈನೇಜ್‌ಗಳನ್ನು (ರಸ್ತೆಯ ಆರಂಭದಿಂದ ಅಳೆದ ದೂರ; 1+860 ಎಂದರೆ 1860 ಮೀಟರ್) ಬದಲಿಸಲಾಗಿದೆ. ದೋಷ ಅರ್ಥವಾಗಲು ಬೇಕಾದ ಕ್ರಾಸ್ ಸೆಕ್ಷನ್ ಅಳತೆಗಳು ಮಾತ್ರ ಪೂರ್ತಿ ಇವೆ.

ಹಿನ್ನೆಲೆ

ಗುಡ್ಡದ ಪಕ್ಕೆಯಲ್ಲಿ ಸಾಗುವ ಎರಡು ಲೇನ್ ರಸ್ತೆ. ವಾಹನ ಓಡುವ ಅಗಲ 7 ಮೀಟರ್, ಎರಡೂ ಬದಿಗೆ 1.5 ಮೀಟರ್ ಶೋಲ್ಡರ್ (ರಸ್ತೆಯ ಅಂಚಿನ ಪಟ್ಟಿ), ಶೋಲ್ಡರ್‌ನ ಹೊರ ಇಳಿಜಾರು ಶೇ 4. ಲೇನ್ ಮತ್ತು ಶೋಲ್ಡರ್‌ಗೆ ಸಾಫ್ಟ್‌ವೇರ್ ಜೊತೆಗೇ ಬರುವ ಸಬ್‌ಅಸೆಂಬ್ಲಿಗಳನ್ನು ಬಳಸಿದ್ದರು. ಶೋಲ್ಡರ್ ಅಂಚಿನಿಂದ ಆಚೆಗಿನ ಭಾಗಕ್ಕೆ, ಅಂದರೆ ಚರಂಡಿ ಮತ್ತು ಪಕ್ಕದ ಇಳಿಜಾರಿಗೆ, ಸಬ್‌ಅಸೆಂಬ್ಲಿಗಳನ್ನು ನಾವೇ ಕಟ್ಟಿಕೊಳ್ಳುವ ಸಬ್‌ಅಸೆಂಬ್ಲಿ ಕಂಪೋಸರ್ ಎಂಬ ಸಾಧನದಲ್ಲಿ ಹಿಂದೆ ಯಾರೋ ತಯಾರಿಸಿಟ್ಟಿದ್ದ ಪಿಕೆಟಿ ಕಡತವಿತ್ತು (ಆ ಸಾಧನ ಉಳಿಸುವ ಕಡತ). ಹಲವು ಕೆಲಸಗಳಲ್ಲಿ ಅದು ತಕರಾರಿಲ್ಲದೆ ನಡೆದಿತ್ತು. ತಯಾರಿಸಿದವರು ತಂಡದಲ್ಲಿ ಉಳಿದಿರಲಿಲ್ಲ, ಟಿಪ್ಪಣಿಯನ್ನೂ ಬರೆದಿಟ್ಟಿರಲಿಲ್ಲ.

ಆ ಭಾಗದ ಒಳಗಿನ ಲೆಕ್ಕ ಸರಳ. ಶೋಲ್ಡರ್ ಅಂಚಿನ ಬಿಂದು ನೆಲಕ್ಕಿಂತ ಮೇಲಿದ್ದರೆ ಫಿಲ್ಲಿಂಗ್, ಅಂದರೆ ಮಣ್ಣು ತುಂಬುವುದು: 1 ಮೀಟರ್ ಇಳಿತಕ್ಕೆ 1.5 ಮೀಟರ್ ಅಡ್ಡ ಅಗಲದ ಇಳಿಜಾರಿನಲ್ಲಿ ನೆಲ ಸಿಗುವವರೆಗೆ ಇಳಿ. ಕೆಳಗಿದ್ದರೆ ಕಟಿಂಗ್, ಅಂದರೆ ನೆಲ ಕಡಿಯುವುದು: 1 ಮೀಟರ್ ಹೊರಗೆ ಹೋಗುತ್ತ 0.5 ಮೀಟರ್ ಇಳಿದು, 0.6 ಮೀಟರ್ ಅಗಲದ ಚರಂಡಿ ತಳ ಹಾಕಿ, ಅಲ್ಲಿಂದ 1 ಮೀಟರ್ ಏರಿಕೆಗೆ 2 ಮೀಟರ್ ಅಡ್ಡ ಅಗಲದ ಇಳಿಜಾರಿನಲ್ಲಿ ನೆಲ ಸಿಗುವವರೆಗೆ ಏರು. ಚರಂಡಿ ತಳದ ಹೊರ ಅಂಚು ಶೋಲ್ಡರ್ ಅಂಚಿನಿಂದ 1.6 ಮೀಟರ್ ಆಚೆ, 0.5 ಮೀಟರ್ ಕೆಳಗೆ ಬರುತ್ತದೆ. ಈ ಎರಡು ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಿ, ಮುಂದಿನ ಎಲ್ಲ ಲೆಕ್ಕವೂ ಇವುಗಳ ಮೇಲೆಯೇ ನಿಂತಿದೆ.

ಸಮಸ್ಯೆ

ಚೈನೇಜ್ 1+860ರಲ್ಲಿ ರಸ್ತೆಯ ಎಡಬದಿಗೆ ಒಂದು ಆಳವಾದ ಕೊರಕಲು ಬರುತ್ತದೆ. ಅಲ್ಲಿ ಡೇಲೈಟ್ ಗೆರೆ (ಪಕ್ಕದ ಇಳಿಜಾರು ನೆಲವನ್ನು ಮುಟ್ಟುವ ಗೆರೆ) ಇದ್ದಕ್ಕಿದ್ದಂತೆ 27 ಮೀಟರ್ ಆಚೆಗೆ ಹಾರಿ, ಮುಂದಿನ ಸೆಕ್ಷನ್‌ನಲ್ಲಿ ಮರಳಿ ಜಾಗಕ್ಕೆ ಬರುತ್ತಿತ್ತು. ಕಾರಿಡಾರ್ ಸರ್ಫೇಸ್‌ನಲ್ಲಿ ಅದು ಚೂಪಾದ ಮುಳ್ಳಿನಂತೆ ಕಾಣುತ್ತಿತ್ತು. ಮುಂದೆ 1+900ರಿಂದ 1+980ರವರೆಗೆ ಇನ್ನೊಂದು ಬಗೆಯ ಗೊಂದಲ: ಪಕ್ಕದ ಇಳಿಜಾರು ನೆಲವನ್ನು ಮುಟ್ಟದೆ ಎಲ್ಲ ಸೆಕ್ಷನ್‌ಗಳಲ್ಲೂ ಒಂದೇ ಉದ್ದಕ್ಕೆ ನಿಂತುಬಿಟ್ಟಿತ್ತು. ಎರಡೂ ಕಡೆ ಕಂಡದ್ದು ಒಂದೇ ರೋಗ ಎಂದು ತಂಡ ಭಾವಿಸಿತು. ಕೆಲಸ ತಡವಾದದ್ದು ಈ ಭಾವನೆಯಿಂದಲೇ.

ಮೊದಲ ಪ್ರಯತ್ನಗಳು

ಕಾರಿಡಾರ್ ರೀಬಿಲ್ಡ್ ಮಾಡಿದರು, ಫಲವಿಲ್ಲ. ಆ ಭಾಗದಲ್ಲಿ 90 ಮೀಟರ್ ತ್ರಿಜ್ಯದ ತಿರುವಿದ್ದುದರಿಂದ ತಿರುವಿನ ಒಳಬದಿಯಲ್ಲಿ ಸೆಕ್ಷನ್‌ಗಳು ಒಂದರ ಮೇಲೊಂದು ಹಾಯುವ ಬೋಟೈ ದೋಷವಿರಬಹುದೆಂದು ಒಬ್ಬರು ಹೇಳಿದರು. ಈ ಅನುಮಾನವನ್ನು ತಳ್ಳಿಹಾಕಲು ಲೆಕ್ಕವೇ ಸಾಕು. ವೃತ್ತಾಕಾರದ ತಿರುವಿಗೆ ಲಂಬವಾದ ಸೆಕ್ಷನ್ ಗೆರೆಗಳೆಲ್ಲ ಕೂಡುವುದು ವೃತ್ತದ ಕೇಂದ್ರದಲ್ಲಿ. ಅವು ದಾಟಬೇಕಾದರೆ ಒಳಬದಿಯ ಅಗಲ ತ್ರಿಜ್ಯವನ್ನು ಮೀರಬೇಕು. ಇಲ್ಲಿ ಅಗಲ ಅದರ ಅರ್ಧವೂ ಇರಲಿಲ್ಲ, ಮುಳ್ಳು ಎದ್ದದ್ದೂ ತಿರುವಿನ ಹೊರಬದಿಯಲ್ಲಿ.

ನಂತರ ಸೆಕ್ಷನ್‌ಗಳ ನಡುವಿನ ಅಂತರವನ್ನು 20 ಮೀಟರ್‌ನಿಂದ 5 ಮೀಟರ್‌ಗೆ ಇಳಿಸಿದರು. ಒಂದು ಮುಳ್ಳಿದ್ದಲ್ಲಿ ಏಳು ಎದ್ದವು. ಬೇಸರ ತಂದರೂ ಇದು ಒಳ್ಳೆಯ ಸುಳಿವಾಗಿತ್ತು. ಅಂತರ ಕಡಿಮೆ ಮಾಡಿದಾಗ ದೋಷ ಕುಗ್ಗಿದರೆ ತೊಂದರೆ ಸೆಕ್ಷನ್‌ಗಳ ನಡುವಿನ ಜೋಡಣೆಯಲ್ಲಿದೆ. ಹೆಚ್ಚಿದರೆ ತೊಂದರೆ ಸೆಕ್ಷನ್‌ನ ಒಳಗೇ ಇದೆ. ಮೊದಲು 20 ಮೀಟರ್ ಜಾಲರಿಯಲ್ಲಿ 1+840 ಮತ್ತು 1+880 ತಪ್ಪಿಸಿಕೊಂಡು, 1+860 ಒಂದೇ ಸಿಕ್ಕಿಬಿದ್ದಿತ್ತು. 5 ಮೀಟರ್ ಜಾಲರಿಯಲ್ಲಿ 1+845ರಿಂದ 1+875ರವರೆಗಿನ ಏಳೂ ಸಿಕ್ಕಿದವು. ಆದರೆ ಆ ಹೊತ್ತಿಗೆ ಇದನ್ನು ಹೀಗೆ ಓದುವ ಬದಲು ಅಂತರವನ್ನು ಮತ್ತೆ 20ಕ್ಕೆ ಏರಿಸಿದರು.

ಮೂರನೆಯದು ಸರ್ಫೇಸ್‌ಗೆ ಬೌಂಡರಿ ಹಾಕಿ ಮುಳ್ಳನ್ನು ಕತ್ತರಿಸಿದ್ದು. ಪ್ಲಾನ್‌ನಲ್ಲಿ ಚಿತ್ರ ಚೊಕ್ಕವಾಯಿತು. ಆದರೆ ಸೆಕ್ಷನ್ ವ್ಯೂನಲ್ಲಿ ಕಾರಿಡಾರ್‌ನ ಗೆರೆ ಹಾಗೇ ಉಳಿಯಿತು, ಜೊತೆಗೆ ಬೇರೆ ಕಡೆ ನ್ಯಾಯವಾಗಿಯೇ ಅಗಲವಾಗಿದ್ದ ಏರಿಯ ಇಳಿಜಾರಿನ ಬುಡವೂ ಕತ್ತರಿಸಿಹೋಯಿತು. ಕಾಣಿಸುವ ಗುರುತನ್ನು ಅಳಿಸುವ ಈ ದಾರಿಯನ್ನು ಹಿಡಿಯಲೇಬಾರದಿತ್ತು.

ದಾರಿ ತಪ್ಪಿಸಿದ ನಿಜವಾದ ದುರಸ್ತಿ

ನಾಲ್ಕನೆಯದಾಗಿ ಟಾರ್ಗೆಟ್‌ಗಳನ್ನು, ಅಂದರೆ ಇಳಿಜಾರು ಯಾವುದನ್ನು ಮುಟ್ಟಬೇಕೆಂದು ಹೇಳುವ ಆಯ್ಕೆಗಳನ್ನು, ನೋಡಿದರು. 1+900ರಲ್ಲಿ ಹಿಂದೊಮ್ಮೆ ರೀಜನ್ (ಒಂದೇ ಅಸೆಂಬ್ಲಿ ಬಳಸುವ ರಸ್ತೆಯ ತುಂಡು) ಒಡೆದು ಬೇರೆ ಅಸೆಂಬ್ಲಿ ಕೊಟ್ಟಿದ್ದರು. ಹೊಸ ರೀಜನ್‌ನಲ್ಲಿ ಪಕ್ಕದ ಭಾಗದ ಸರ್ಫೇಸ್ ಟಾರ್ಗೆಟ್ ಖಾಲಿ ಉಳಿದಿತ್ತು. ನೆಲದ ಸರ್ಫೇಸ್ ಆರಿಸಿ ರೀಬಿಲ್ಡ್ ಮಾಡುತ್ತಿದ್ದಂತೆ 1+900ರಿಂದ 1+980ರ ಗೊಂದಲ ಮಾಯವಾಯಿತು. ಕಾರಣ ಸಿಕ್ಕಿತು ಎಂದು ತಂಡ ನಿರಾಳವಾಯಿತು. 1+860ರ ಮುಳ್ಳು ಸರ್ವೆ ಬಿಂದುಗಳ ದೋಷವಿರಬೇಕೆಂದು ಬದಿಗಿಟ್ಟರು.

ಇಂಥ ಘಳಿಗೆ ಅಪಾಯದ್ದು. ಟಾರ್ಗೆಟ್ ಖಾಲಿ ಇದ್ದದ್ದು ನಿಜ, ಸರಿಪಡಿಸಿದ್ದೂ ಸರಿ. ಆದರೆ ಅದು ಬೇರೆಯೇ ದೋಷ. ಅದರೊಳಗೂ ಗಮನಿಸಬೇಕಾದ ಒಂದು ಅಂಶವಿತ್ತು: ಟಾರ್ಗೆಟ್ ಇಲ್ಲದಿದ್ದರೆ ಏನು ಮಾಡಬೇಕೆಂದು ಆ ಪಿಕೆಟಿ ಕೇಳಿಕೊಳ್ಳುತ್ತಲೇ ಇರಲಿಲ್ಲ. ಟಾರ್ಗೆಟ್ ಇದೆಯೇ ಎಂದು ನೋಡುವ ಈಸ್ ವ್ಯಾಲಿಡ್ ಪರೀಕ್ಷೆಯನ್ನು ಹಾಕಿರಲಿಲ್ಲ. ಹಾಗಾಗಿ ತಪ್ಪು ಕೂಗಿ ಹೇಳದೆ, ಸುಮ್ಮನೆ ಒಂದು ಇಳಿಜಾರನ್ನು ಎಳೆದು ಮುಗಿಸುತ್ತಿತ್ತು.

ತಿರುವು

ದಿಕ್ಕು ಬದಲಾದದ್ದು ಪ್ರಮಾಣ ಪಟ್ಟಿಯಿಂದ. ಮಣ್ಣಿನ ಲೆಕ್ಕ ಪರಿಶೀಲಿಸುತ್ತಿದ್ದವರು 1+860ರ ಸಾಲಿನಲ್ಲಿ ಸುಮಾರು 110 ಚದರ ಮೀಟರ್ ಫಿಲ್ಲಿಂಗ್ ಕಂಡು ನಿಂತರು. ಅಲ್ಲಿ ಶೋಲ್ಡರ್ ಅಂಚು ನೆಲಕ್ಕಿಂತ 0.15 ಮೀಟರ್ ಕೆಳಗಿದೆ, ಅಂದರೆ ಎಡಬದಿ ಕಟಿಂಗ್‌ನಲ್ಲಿದೆ. ಕಡಿಯುವ ಬದಿಯಲ್ಲಿ ಇಷ್ಟು ತುಂಬುವುದು ಎಲ್ಲಿಂದ ಬಂತು? ಅವರು ಕಾಗದದ ಮೇಲೆ ಆ ಒಂದು ಸೆಕ್ಷನ್ ಬಿಡಿಸಿದರು. ಇಡೀ ಪ್ರಕರಣದಲ್ಲಿ ಅತ್ಯಂತ ಬೆಲೆಬಾಳುವ ಅರ್ಧ ಗಂಟೆ ಅದು.

ಶೋಲ್ಡರ್ ಅಂಚನ್ನು ಸೊನ್ನೆ ಎಂದಿಟ್ಟುಕೊಳ್ಳಿ. ಅಲ್ಲಿ ನೆಲ 0.15 ಮೀಟರ್ ಮೇಲಿದೆ. ನೆಲ ಹೊರಕ್ಕೆ ಶೇ 50ರಷ್ಟು ಇಳಿಯುತ್ತದೆ. 1.6 ಮೀಟರ್ ಆಚೆ ನೆಲದ ಮಟ್ಟ 0.15ರಿಂದ 0.8 ಕಳೆದು −0.65. ಚರಂಡಿ ತಳದ ಹೊರ ಅಂಚು −0.50. ಅಂದರೆ ಚರಂಡಿಯ ಆ ಅಂಚು ಆಗಲೇ ನೆಲದಿಂದ 0.15 ಮೀಟರ್ ಮೇಲೆ ಗಾಳಿಯಲ್ಲಿದೆ. ಅಲ್ಲಿಂದ ಕಟಿಂಗ್ ಇಳಿಜಾರು ಮೇಲಕ್ಕೆ ಏರುತ್ತದೆ, ನೆಲ ಕೆಳಕ್ಕೆ ಇಳಿಯುತ್ತದೆ. ಎರಡೂ ಸಂಧಿಸುವ ಮಾತೇ ಇಲ್ಲ. ಆದರೆ 10 ಮೀಟರ್ ಆಚೆ ಕೊರಕಲಿನ ತಳ ಮುಗಿದು ಎದುರು ದಂಡೆ 1ಕ್ಕೆ 1ರಂತೆ ಏರುತ್ತದೆ. ಗಾಳಿಯಲ್ಲಿ ಸಾಗಿದ ಗೆರೆ ಆ ದಂಡೆಯನ್ನು 27.1 ಮೀಟರ್ ದೂರದಲ್ಲಿ, 12.25 ಮೀಟರ್ ಎತ್ತರದಲ್ಲಿ ಹೋಗಿ ಮುಟ್ಟಿತು. ಸಾಫ್ಟ್‌ವೇರ್ ಅದನ್ನೇ ಡೇಲೈಟ್ ಎಂದುಕೊಂಡಿತು. ಗೆರೆ ಮತ್ತು ನೆಲದ ನಡುವಿನ ಖಾಲಿ ಜಾಗವೇ ಆ 110 ಚದರ ಮೀಟರ್. 20 ಮೀಟರ್ ಅಂತರದಲ್ಲಿ ಸರಾಸರಿ ಕೊನೆ ಕ್ಷೇತ್ರ ವಿಧಾನದಿಂದ (ಎರಡು ಸೆಕ್ಷನ್‌ಗಳ ಕ್ಷೇತ್ರಫಲದ ಸರಾಸರಿಯನ್ನು ನಡುವಿನ ದೂರದಿಂದ ಗುಣಿಸುವುದು) ಈ ಒಂದೇ ಸೆಕ್ಷನ್ ಎರಡೂ ಬದಿಗೆ ಸೇರಿ ಸುಮಾರು 2200 ಘನ ಮೀಟರ್ ಹುಸಿ ಫಿಲ್ಲಿಂಗ್ ಹುಟ್ಟಿಸುತ್ತದೆ.

ಸರ್ವೆಯಲ್ಲಿ ತಪ್ಪಿರಲಿಲ್ಲ, ಕೊರಕಲು ನಿಜವಾಗಿಯೂ ಅಲ್ಲಿತ್ತು. ತಪ್ಪಿದ್ದದ್ದು ಪ್ರಶ್ನೆಯಲ್ಲಿ. ಕಟಿಂಗೋ ಫಿಲ್ಲಿಂಗೋ ಎಂದು ಆ ಭಾಗ ಶೋಲ್ಡರ್ ಅಂಚಿನಲ್ಲಿ ನಿಂತು ಕೇಳುತ್ತಿತ್ತು, ಇಳಿಜಾರನ್ನು ಮಾತ್ರ 1.6 ಮೀಟರ್ ಆಚೆಯಿಂದ ಶುರು ಮಾಡುತ್ತಿತ್ತು.

ಹಿಂದಿನ ಕೆಲಸಗಳಲ್ಲಿ ಇದು ಏಕೆ ಬಯಲಾಗಲಿಲ್ಲ ಎಂಬುದಕ್ಕೂ ಅದೇ ಲೆಕ್ಕ ಉತ್ತರ ಕೊಡುತ್ತದೆ. ಚರಂಡಿ ಗಾಳಿಗೆ ಬರಬೇಕಾದರೆ 1.6 ಮೀಟರ್ ಅಗಲದಲ್ಲಿ ನೆಲ ಕನಿಷ್ಠ 0.5 ಮೀಟರ್ ಇಳಿಯಬೇಕು, ಅಂದರೆ ಶೇ 31.25ಕ್ಕಿಂತ ಕಡಿದಾಗಿ ಇಳಿಯಬೇಕು. ಸಮತಟ್ಟು ಪ್ರದೇಶದ ರಸ್ತೆಗಳಲ್ಲಿ ಆ ಸ್ಥಿತಿ ಬರುವುದೇ ಇಲ್ಲ. ಶೇ 50ರ ಇಳಿಜಾರಿನಲ್ಲಿಯೂ ಶೋಲ್ಡರ್ ಅಂಚು ನೆಲಕ್ಕಿಂತ 0ರಿಂದ 0.30 ಮೀಟರ್ ಕೆಳಗಿರುವ ಚಿಕ್ಕ ಕಿಂಡಿಯಲ್ಲಿ ಮಾತ್ರ ದೋಷ ಕಾಣಿಸುತ್ತದೆ. ಈ ರಸ್ತೆಯಲ್ಲಿ ಏರಿ ಮುಗಿಯುವ 1+842ರಿಂದ ನಿಜವಾದ ಕಟಿಂಗ್ ಶುರುವಾಗುವ 1+878ರವರೆಗೆ 36 ಮೀಟರ್ ಉದ್ದಕ್ಕೆ ಆ ಕಿಂಡಿ ತೆರೆದಿತ್ತು.

ಸೆಕ್ಷನ್ ಎಡಿಟರ್‌ನಲ್ಲಿ ಕೈಯಿಂದ ತಿದ್ದೋಣವೇ, ಪಿಕೆಟಿಯನ್ನೇ ದುರಸ್ತಿ ಮಾಡೋಣವೇ? ಗಡುವು ಹತ್ತಿರವಿದ್ದುದರಿಂದ ಮೊದಲನೆಯದಕ್ಕೆ ಒಲವಿತ್ತು. ಆದರೆ ಹಾಗೆ ತಿದ್ದಿದ ಸೆಕ್ಷನ್ ಮುಂದೆ ಪ್ರೊಫೈಲ್ ಬದಲಾದಾಗ ತಾನಾಗಿ ಹೊಂದಿಕೊಳ್ಳುವುದಿಲ್ಲ, ಪ್ರೊಫೈಲ್ ಇನ್ನೂ ಅಂತಿಮವಾಗಿರಲಿಲ್ಲ. ಚರಂಡಿಯ ಆಕಾರ ನಿಗದಿಯಾಗಿದ್ದುದರಿಂದ ಸಿದ್ಧ ಸಬ್‌ಅಸೆಂಬ್ಲಿಗೆ ಬದಲಿಸುವುದೂ ಸುಲಭವಿರಲಿಲ್ಲ. ದುರಸ್ತಿಯೇ ಸರಿ ಎಂದು ತೀರ್ಮಾನವಾಯಿತು.

ದುರಸ್ತಿಗೆ ಮೊದಲು ಪರೀಕ್ಷಾ ಕಾರಿಡಾರ್

ಕಂಪೋಸರ್‌ನ ಪ್ರಿವ್ಯೂನಲ್ಲಿ ನೆಲ ಒಂದು ಸರಳ ಗೆರೆ. ಅದನ್ನು ಮೇಲೆ ಕೆಳಗೆ ಸರಿಸಿ ನೋಡಿದಾಗ ಕಟಿಂಗ್, ಫಿಲ್ಲಿಂಗ್ ಎರಡೂ ಸರಿಯಾಗಿಯೇ ಕಂಡವು. ಆದ್ದರಿಂದ ಬೇರೆ ಡ್ರಾಯಿಂಗ್‌ನಲ್ಲಿ ಈ ಭಾಗವನ್ನು ಮುರಿಯಲೆಂದೇ ಒಂದು ನೆಲವನ್ನು ಕಟ್ಟಿದರು. 200 ಮೀಟರ್ ನೇರ ಅಲೈನ್‌ಮೆಂಟ್, 100.00 ಮಟ್ಟದಲ್ಲಿ ಚಪ್ಪಟೆ ಪ್ರೊಫೈಲ್. ಅಸೆಂಬ್ಲಿಯಲ್ಲಿ ಲೇನ್, ಶೋಲ್ಡರ್ ಏನೂ ಇಲ್ಲ, ಪಕ್ಕದ ಭಾಗ ಮಾತ್ರ. ಬೇಸ್‌ಲೈನ್ (ಅಸೆಂಬ್ಲಿ ಕೂರುವ ಆಧಾರ ಗೆರೆ, ಇಲ್ಲಿ ಆ ಅಲೈನ್‌ಮೆಂಟ್) ಮೇಲೆ ನೆಲ 99.00ರಿಂದ 101.00ಕ್ಕೆ ಏರುತ್ತದೆ, 30 ಮೀಟರ್ ಹೊರಗೆ 84.00ರಿಂದ 86.00ಕ್ಕೆ. ಅಂದರೆ ಎಲ್ಲೆಡೆ ಶೇ 50ರ ಹೊರ ಇಳಿತ. ಸರ್ಫೇಸ್‌ನ ಅಂಚು ಬೇಸ್‌ಲೈನ್ ಮೇಲೆಯೇ ಬಿದ್ದರೆ ಅಲ್ಲೂ ಟಾರ್ಗೆಟ್ ತಪ್ಪಬಹುದೆಂದು ಒಳಬದಿಗೆ 5 ಮೀಟರ್ ಹೆಚ್ಚುವರಿ ನೆಲ ಕೊಟ್ಟರು. ಸೆಕ್ಷನ್ ಅಂತರ 1 ಮೀಟರ್.

ಹಳೆಯ ಪಿಕೆಟಿ 0+100ರಿಂದ 0+130ರ ನಡುವೆ ಕೈಕೊಟ್ಟಿತು, ಕಾಗದದ ಲೆಕ್ಕ ಹೇಳಿದಷ್ಟೇ ಉದ್ದಕ್ಕೆ. ಎದುರು ದಂಡೆ ಇಲ್ಲದ್ದರಿಂದ ಇಲ್ಲಿ ಮುಳ್ಳು ಏಳಲಿಲ್ಲ, ಡೇಲೈಟ್ ಬಿಂದುವೇ ಹುಟ್ಟಲಿಲ್ಲ. ಒಂದೇ ದೋಷ ಎರಡು ಮುಖ ತೋರಿಸುತ್ತದೆ ಎಂಬುದು ಆಗ ಖಚಿತವಾಯಿತು. ಇನ್ನೂ ಮೂರು ಪರೀಕ್ಷೆಗಳನ್ನು ಸೇರಿಸಿದರು: ಹೊರಕ್ಕೆ ಶೇ 30ರಷ್ಟು ಏರುವ ನೆಲ, 5 ಮೀಟರ್‌ಗೇ ಮುಗಿದುಹೋಗುವ ನೆಲ, ಟಾರ್ಗೆಟ್ಟೇ ಇಲ್ಲದ ಸ್ಥಿತಿ.

ಮೊದಲ ದುರಸ್ತಿ ಸೋತದ್ದು

ಎಲ್ಲರಿಗೂ ಹೊಳೆದ ಪರಿಹಾರ ಒಂದೇ. ಪ್ರಶ್ನೆಯನ್ನು ಶೋಲ್ಡರ್ ಅಂಚಿನಲ್ಲಿ ಕೇಳದೆ ಚರಂಡಿಯ ಹೊರ ಅಂಚಿನಲ್ಲಿ ಕೇಳು. ಕಂಪೋಸರ್‌ನಲ್ಲಿ ಅಲ್ಲೊಂದು ಆಕ್ಸಿಲಿಯರಿ ಪಾಯಿಂಟ್ (ಲೆಕ್ಕಕ್ಕೆ ಮಾತ್ರ ಬಳಸುವ ಬಿಂದು) ಇಟ್ಟು, ನೆಲದಿಂದ ಅದರ ಎತ್ತರ ಹೇಳುವ ಡಿಸ್ಟೆನ್ಸ್ ಟು ಸರ್ಫೇಸ್ ಫಂಕ್ಷನ್‌ನ ಬೆಲೆ ನೋಡಿ, ಚರಂಡಿ ಗಾಳಿಯಲ್ಲಿದ್ದರೆ ಫಿಲ್ಲಿಂಗ್ ಕವಲಿಗೆ ಕಳಿಸು. ಈ ಫಂಕ್ಷನ್‌ನಲ್ಲಿ ಬಿಂದು ನೆಲಕ್ಕಿಂತ ಮೇಲಿದ್ದರೆ ಉತ್ತರ ಧನ, ಕೆಳಗಿದ್ದರೆ ಋಣ. ಇದನ್ನು ತಿರುಗಿಸಿ ಓದುವುದು ತೀರಾ ಸಾಮಾನ್ಯವಾದ ತಪ್ಪು, ಹೌದು-ಇಲ್ಲ ಎಂದು ಕವಲೊಡೆಯುವ ಡಿಸಿಷನ್ ಪೆಟ್ಟಿಗೆಯ ಪಕ್ಕದಲ್ಲೇ ಒಂದು ಟಿಪ್ಪಣಿ ಬರೆದಿಡುವುದು ಒಳ್ಳೆಯದು.

ಪರೀಕ್ಷಾ ಕಾರಿಡಾರ್‌ನಲ್ಲಿ ಅದೇ 30 ಮೀಟರ್ ಮತ್ತೆ ಕೆಟ್ಟಿತು, ಈ ಸಲ ನೆಲದ ಕೆಳಗೆ. ಕಾರಣ ನೋಡಿ: ಆ ಕಿಂಡಿಯಲ್ಲಿ ಶೋಲ್ಡರ್ ಅಂಚು ನೆಲದ ಒಳಗಿದೆ. ಫಿಲ್ಲಿಂಗ್ ಇಳಿಜಾರು ನೆಲದೊಳಗೇ ಹುಟ್ಟಿ, ಶೇ 50ರ ನೆಲಕ್ಕಿಂತ ಕಡಿದಾಗಿ, ಶೇ 67ರಷ್ಟು ಇಳಿಯುತ್ತದೆ. ಹೊರಗೆ ಬರುವ ಅವಕಾಶವೇ ಅದಕ್ಕಿಲ್ಲ. ಕಟಿಂಗ್ ಏರಿದರೂ ಸಿಗದು, ಫಿಲ್ಲಿಂಗ್ ಇಳಿದರೂ ಸಿಗದು. ಪ್ರಶ್ನೆ ಎಲ್ಲಿ ನಿಂತು ಕೇಳಬೇಕು ಎಂದಷ್ಟೇ ಯೋಚಿಸುತ್ತಿದ್ದ ತಂಡಕ್ಕೆ, ಎರಡು ಉತ್ತರಗಳೇ ಸಾಲವು ಎಂಬುದು ಇಲ್ಲಿ ಕಂಡಿತು.

ಮೂರನೆಯ ಕವಲು

ಅಂಥ ಜಾಗದಲ್ಲಿ ನೆಲ ನಿಜವಾಗಿ ಏನು ಬೇಡುತ್ತದೆ? ನೀರು ತಾನಾಗಿ ಹೊರಕ್ಕೆ ಹರಿದುಹೋಗುವುದರಿಂದ ಚರಂಡಿ ಬೇಡ. ತುಂಬುವ ಅಗತ್ಯವೂ ಇಲ್ಲ. ಶೋಲ್ಡರ್ ಮುಂದೆ ಉಳಿದಿರುವ ತೆಳು ಮಣ್ಣಿನ ಏಣನ್ನು ಅದೇ ಶೇ 4ರ ಇಳಿಜಾರಿನಲ್ಲಿ ಸವರಿ ಹೊರಗೆ ಬಂದರೆ ಸಾಕು. 1+860ರಲ್ಲಿ ಅದು ಬರೀ 0.33 ಮೀಟರ್ ಕೆಲಸ: 0.15ನ್ನು ಎರಡು ಇಳಿಜಾರುಗಳ ವ್ಯತ್ಯಾಸವಾದ 0.46ರಿಂದ ಭಾಗಿಸಿದರೆ ಬರುವಷ್ಟು.

ಈ ಕವಲು ಎಂದೂ ಸೋಲದು ಎಂಬುದನ್ನೂ ತೋರಿಸಬಹುದು. ಶೋಲ್ಡರ್ ಅಂಚು ನೆಲದ ಕೆಳಗಿದೆ. 1.6 ಮೀಟರ್ ಆಚೆ ಚರಂಡಿ ಅಂಚು ನೆಲದ ಮೇಲಿದೆ. ಶೇ 4ರಲ್ಲಿ ಮುಂದುವರಿದ ಗೆರೆ ಅಲ್ಲಿ ಚರಂಡಿ ಅಂಚಿಗಿಂತಲೂ ಎತ್ತರದಲ್ಲಿರುತ್ತದೆ, ಹಾಗಾಗಿ ಅದೂ ನೆಲದ ಮೇಲೆಯೇ. ಒಂದು ತುದಿ ಕೆಳಗೆ, ಇನ್ನೊಂದು ತುದಿ ಮೇಲೆ. ನಡುವೆ ಎಲ್ಲೋ ನೆಲವನ್ನು ದಾಟಲೇಬೇಕು. ಗರಿಷ್ಠ ಅಗಲ 1.6 ಮೀಟರ್ ಮೀರುವುದಿಲ್ಲ.

ಅಂತಿಮ ಜೋಡಣೆ ಹೀಗಾಯಿತು. ಮೊದಲು ಟಾರ್ಗೆಟ್ ಇದೆಯೇ ಎಂಬ ಪರೀಕ್ಷೆ. ಇಲ್ಲದಿದ್ದರೆ ಇಳಿಜಾರು ಎಳೆಯದೆ ಬೇರೆಯೇ ಕೋಡ್ (ಬಿಂದು, ಗೆರೆಗಳಿಗೆ ಕೊಡುವ ಗುರುತಿನ ಹೆಸರು) ಇರುವ ಒಂದು ಬಿಂದುವನ್ನು ಮಾತ್ರ ಇಡು. ಇದ್ದರೆ ಎರಡು ಆಕ್ಸಿಲಿಯರಿ ಪಾಯಿಂಟ್‌ಗಳು: ಶೋಲ್ಡರ್ ಅಂಚು, ಚರಂಡಿ ತಳದ ಹೊರ ಅಂಚು. ಎರಡೂ ನೆಲದ ಕೆಳಗಿದ್ದರೆ ಚರಂಡಿ ಸಹಿತ ಕಟಿಂಗ್. ಮೊದಲನೆಯದು ಕೆಳಗೆ, ಎರಡನೆಯದು ಮೇಲಿದ್ದರೆ ಶೋಲ್ಡರ್ ಮುಂದುವರಿಕೆ. ಮೊದಲನೆಯದು ಮೇಲಿದ್ದರೆ ಫಿಲ್ಲಿಂಗ್.

ನಾಲ್ಕನೆಯ ಸ್ಥಿತಿಯೊಂದು ಉಳಿಯಿತು: ಶೋಲ್ಡರ್ ಅಂಚು ನೆಲದ ಮೇಲೆ, ಆದರೆ ನೆಲ ಹೊರಕ್ಕೆ ಏರುವುದರಿಂದ ಚರಂಡಿ ಅಂಚು ನೆಲದ ಕೆಳಗೆ. ಶೇ 30ರ ಏರಿನಲ್ಲಿ ಶೋಲ್ಡರ್ ನೆಲಕ್ಕಿಂತ 0.98 ಮೀಟರ್ ಎತ್ತರವಾಗುವವರೆಗೂ ಹೀಗಾಗುತ್ತದೆ. ಅಲ್ಲಿ ಗುಡ್ಡದ ನೀರು ಏರಿಯ ಬುಡಕ್ಕೆ ಬಂದು ನಿಲ್ಲುತ್ತದೆ, ಹಳೆಯ ಭಾಗ ಅಲ್ಲಿ ಚರಂಡಿ ಕೊಡುತ್ತಿರಲಿಲ್ಲ. ಚರಂಡಿ ಬೇಕು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಆದರೂ ಅದನ್ನು ದುರಸ್ತಿಯ ಜೊತೆ ಸದ್ದಿಲ್ಲದೆ ಸೇರಿಸಲಿಲ್ಲ. ಹೌದು ಅಥವಾ ಇಲ್ಲ ಎನ್ನುವ ಇನ್‌ಪುಟ್ ಪ್ಯಾರಾಮೀಟರ್ ಆಗಿ ಇಟ್ಟು, ಆರಂಭದ ಬೆಲೆ ಇಲ್ಲ ಎಂದು ಕೊಟ್ಟರು. ದೋಷ ತಿದ್ದುವಾಗ ವಿನ್ಯಾಸವೂ ಬದಲಾದರೆ ಪ್ರಮಾಣದಲ್ಲಿ ಕಾಣುವ ವ್ಯತ್ಯಾಸ ಯಾವುದರಿಂದ ಬಂತೆಂದು ಹೇಳಲಾಗದು. ಒಳ್ಳೆಯ ನಿರ್ಧಾರ.

ಕೋಡ್‌ಗಳಲ್ಲೂ ಎರಡು ಕೊರತೆ ಸಿಕ್ಕಿದವು. ಫಿಲ್ಲಿಂಗ್ ಇಳಿಜಾರಿನ ಲಿಂಕ್‌ಗೆ (ಎರಡು ಬಿಂದುಗಳನ್ನು ಸೇರಿಸುವ ಗೆರೆ) ಟಾಪ್ ಎಂಬ ಕೋಡ್ ಮಾತ್ರವಿತ್ತು, ಡೇಟಮ್ ಇರಲಿಲ್ಲ. ಅದರಿಂದ ಮಣ್ಣಿನ ಲೆಕ್ಕಕ್ಕೆ ಬಳಸುವ ಡೇಟಮ್ ಸರ್ಫೇಸ್ ಏರಿಯ ಭಾಗದಲ್ಲಿ ಶೋಲ್ಡರ್ ಬಳಿಯೇ ಮುಗಿದುಹೋಗುತ್ತಿತ್ತು. ಕೊನೆಯ ಬಿಂದುವಿಗೆ ಕಟಿಂಗ್‌ನಲ್ಲಿ ಒಂದು ಹೆಸರು, ಫಿಲ್ಲಿಂಗ್‌ನಲ್ಲಿ ಇನ್ನೊಂದು. ಎರಡಕ್ಕೂ ಸಮಾನವಾದ ಡೇಲೈಟ್ ಕೋಡ್ ಇಲ್ಲದೆ, ಒಂದೇ ಕೋಡ್‌ನ ಬಿಂದುಗಳನ್ನು ಸೆಕ್ಷನ್‌ನಿಂದ ಸೆಕ್ಷನ್‌ಗೆ ಸೇರಿಸುವ ಫೀಚರ್ ಲೈನ್ ತುಂಡಾಗುತ್ತಿತ್ತು. ಮೂರೂ ಕವಲುಗಳಿಗೆ ಡೇಲೈಟ್ ಜೊತೆ ತಮ್ಮದೇ ಎರಡನೆಯ ಕೋಡ್ ಕೊಟ್ಟರು.

ಬದಲಿಸುವಾಗ ಆದ ಎಡವಟ್ಟು

ಹೊಸ ಪಿಕೆಟಿಗೆ ಹೆಸರಿನಲ್ಲೇ ಆವೃತ್ತಿ ಸಂಖ್ಯೆ ಸೇರಿಸಿ ಆಮದು ಮಾಡಿದರು. ಹಳೆಯ ಹೆಸರಿನಲ್ಲೇ ತಂದಿದ್ದರೆ ಯಾವ ಡ್ರಾಯಿಂಗ್ ಯಾವುದನ್ನು ಬಳಸುತ್ತಿದೆ ಎಂದು ಹೇಳುವುದು ಕಷ್ಟ. ಐದು ಅಸೆಂಬ್ಲಿಗಳಲ್ಲಿ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿ, ಎಲ್ಲ ರೀಜನ್‌ಗಳ ಟಾರ್ಗೆಟ್ ಮತ್ತೆ ಕೊಟ್ಟರು. ಮುಳ್ಳು ಹೋಯಿತು. ಆದರೆ ರೀಜನ್‌ವಾರು ಹೋಲಿಸಿದಾಗ ದೋಷವೇ ಇರದಿದ್ದ ಒಂದು ಉದ್ದನೆಯ ಕಟಿಂಗ್‌ನಲ್ಲಿ ಪ್ರಮಾಣ ಇಳಿದಿತ್ತು. ಎರಡು ಅಸೆಂಬ್ಲಿಗಳಲ್ಲಿ ಚರಂಡಿಯ ಆಳವನ್ನು 0.5 ಎಂದು ತುಂಬುವುದು ಮರೆತು, ಪಿಕೆಟಿಯ ಆರಂಭದ ಬೆಲೆಯಾದ 0.3 ಉಳಿದಿತ್ತು. ಒಟ್ಟು ಮೊತ್ತವನ್ನಷ್ಟೇ ನೋಡಿದ್ದರೆ ಇದು ತಪ್ಪಿಸಿಕೊಳ್ಳುತ್ತಿತ್ತು. ಹುಸಿ ಫಿಲ್ಲಿಂಗ್ ಹೋದ ದೊಡ್ಡ ವ್ಯತ್ಯಾಸದಲ್ಲಿ ಈ ಚಿಕ್ಕದು ಮುಳುಗಿರುತ್ತಿತ್ತು. ಬದಲಿಸುವ ಮುನ್ನ ಪ್ರತಿ ಅಸೆಂಬ್ಲಿಯ ಪ್ಯಾರಾಮೀಟರ್ ಬೆಲೆಗಳನ್ನು ಬರೆದಿಟ್ಟುಕೊಂಡಿದ್ದರೆ ಹೀಗಾಗುತ್ತಿರಲಿಲ್ಲ.

ಕವಲು ಬದಲಾಗುವಲ್ಲಿ ಗೆರೆ ಸ್ವಲ್ಪ ಜಿಗಿಯುವುದು ಸಹಜ. 1+878ರಲ್ಲಿ ಶೋಲ್ಡರ್ ಮುಂದುವರಿಕೆ 0.65 ಮೀಟರ್‌ಗೆ ಮುಗಿದರೆ, ಮರುಕ್ಷಣದ ಕಟಿಂಗ್ 1.6 ಮೀಟರ್ ಆಚೆ ಮುಗಿಯುತ್ತದೆ. ಆದ್ದರಿಂದ 1+842 ಮತ್ತು 1+878ರ ಎರಡೂ ಪಕ್ಕಕ್ಕೆ 0.1 ಮೀಟರ್ ಅಂತರದಲ್ಲಿ ಕೈಯಿಂದ ಸೆಕ್ಷನ್ ಸೇರಿಸಿದರು. ಚರಂಡಿ ಅಲ್ಲಿ ಥಟ್ಟನೆ ಮುಗಿಯುವುದರಿಂದ ನೀರನ್ನು ಕೊರಕಲಿಗೆ ಇಳಿಸುವ ಬಾಯಿಯನ್ನು ಪ್ರತ್ಯೇಕ ನಕ್ಷೆಯಲ್ಲಿ ತೋರಿಸಬೇಕಾಯಿತು. ಕಾರಿಡಾರ್ ಅದನ್ನು ತಾನಾಗಿ ಕೊಡದು.

ಹೊಸ ಪಿಕೆಟಿಗೂ ಎರಡು ಮಿತಿಗಳಿವೆ, ಜೊತೆಗಿಟ್ಟ ಟಿಪ್ಪಣಿಯಲ್ಲಿ ಅವನ್ನು ಬರೆದಿದ್ದಾರೆ. ನೆಲ ಹೊರಕ್ಕೆ ಶೇ 67ಕ್ಕಿಂತ ಕಡಿದಾಗಿ ಇಳಿದರೆ ಫಿಲ್ಲಿಂಗ್ ಇಳಿಜಾರು ನೆಲ ಮುಟ್ಟದು. ಶೇ 50ಕ್ಕಿಂತ ಕಡಿದಾಗಿ ಏರಿದರೆ ಕಟಿಂಗ್ ಇಳಿಜಾರು ಮುಟ್ಟದು. ಎರಡೂ ಕಡೆ ತಡೆಗೋಡೆಯೋ ಬೇರೆ ಇಳಿಜಾರೋ ಬೇಕು, ಅದು ವಿನ್ಯಾಸಕರ ನಿರ್ಧಾರ. ಇಳಿಜಾರು 15 ಮೀಟರ್ ಅಗಲ ಮೀರಿದರೆ ಅಥವಾ ನೆಲವೇ ಸಿಗದಿದ್ದರೆ ಈ ಭಾಗ ದೂರದ ದಂಡೆಯನ್ನು ಹುಡುಕಿಕೊಂಡು ಹೋಗದೆ ಶೋಲ್ಡರ್ ಅಂಚಿನಲ್ಲೇ ನಿಂತು, ಟಾರ್ಗೆಟ್ ಇಲ್ಲದಾಗ ಇಡುವ ಅದೇ ಎಚ್ಚರಿಕೆಯ ಬಿಂದುವನ್ನು ಇಡುತ್ತದೆ. ಕೋಡ್ ಸೆಟ್ ಸ್ಟೈಲ್‌ನಲ್ಲಿ ಆ ಬಿಂದುವಿಗೆ ದೊಡ್ಡ ಕೆಂಪು ಗುರುತು ಕೊಟ್ಟಿದ್ದಾರೆ, ಸೆಕ್ಷನ್‌ಗಳನ್ನು ತಿರುವಿಹಾಕುವಾಗ ಕಣ್ಣು ತಪ್ಪಿಸಿಕೊಳ್ಳದಷ್ಟು ದೊಡ್ಡದು.